ಆಸ್ಕರ್ ತನಕ ಹೋದ ಸಾಕ್ಷ್ಯಚಿತ್ರ ನಮ್ಮೂರಿಗೆ ಯಾಕೆ ಬರುವುದಿಲ್ಲ?

ಕಳೆದ ಕೆಲವು ವರ್ಷಗಳ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲ ಆಗುತ್ತದೆ. 2022ರಲ್ಲಿ ‘ರೈಟಿಂಗ್ ವಿತ್ ಫೈರ್’ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. 2023ರಲ್ಲಿ ‘ಆಲ್ ದಟ್ ಬ್ರೀದ್ಸ್’ ನಾಮನಿರ್ದೇಶನ ಪಡೆಯಿತು, ‘ದಿ ಎಲಿಫೆಂಟ್ ವಿಸ್ಪರರ್ಸ್’ ಪ್ರಶಸ್ತಿಯನ್ನೇ ಗೆದ್ದಿತು. 2024ರಲ್ಲಿ ಜಾರ್ಖಂಡ್‌ನ ಒಂದು ಕುಟುಂಬದ ಕಥೆ ಹೇಳುವ, ಕೆನಡಾದಲ್ಲಿ ನಿರ್ಮಾಣವಾದ ‘ಟು ಕಿಲ್ ಎ ಟೈಗರ್’ ಅದೇ ಪಟ್ಟಿಗೆ ಬಂತು. ಇದನ್ನೆಲ್ಲ ನೋಡಿದರೆ ಭಾರತದ ಸಾಕ್ಷ್ಯಚಿತ್ರಕ್ಕೆ ಇದು ಚಿನ್ನದ ಕಾಲ ಅನಿಸುತ್ತದೆ.

ಅದೇ 2024ರ ಜನವರಿಯಲ್ಲಿ ಹೈದರಾಬಾದ್‌ನ ಒಂದು ಕೆಫೆಯಲ್ಲಿ, ಸಾಕ್ಷ್ಯಚಿತ್ರಕಾರ ಆನಂದ್ ಪಟವರ್ಧನ್ ಅವರು ಅಯೋಧ್ಯೆಯ ರಾಮಮಂದಿರ ಚಳವಳಿಯ ಬಗ್ಗೆ ಮಾಡಿದ ‘ರಾಮ್ ಕೆ ನಾಮ್’ ಪ್ರದರ್ಶನ ನಡೆದಿತ್ತು. ದೂರು ಬಂತು, ಪೊಲೀಸರು ಬಂದು ನಿಲ್ಲಿಸಿದರು, ಆಯೋಜಿಸಿದವರ ಮೇಲೆ ಕೇಸು ಬಿತ್ತು. ಆ ಚಿತ್ರ ಹೊಸದೇನಲ್ಲ. 1990ರ ದಶಕದ ಆರಂಭದ್ದು. ಸೆನ್ಸಾರ್ ಮಂಡಳಿಯಿಂದ ‘ಯು’ ಪ್ರಮಾಣಪತ್ರ, ಅಂದರೆ ಮಕ್ಕಳೂ ನೋಡಬಹುದು ಎಂಬ ಮುದ್ರೆ, ಅದಕ್ಕಿದೆ. ರಾಷ್ಟ್ರ ಪ್ರಶಸ್ತಿ ಬಂದಿದೆ. ದೂರದರ್ಶನದಲ್ಲೂ ಪ್ರಸಾರವಾಗಿದೆ.

ಹಾಗಾದರೆ ಈ ಎರಡರಲ್ಲಿ ಯಾವುದು ನಿಜ? ಎರಡೂ ನಿಜ. ಸಾಕ್ಷ್ಯಚಿತ್ರ ಮಾಡುವವರ ವೃತ್ತಿ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡರೆ ಈ ವೈರುಧ್ಯದ ಕಾರಣ ಸಿಗುತ್ತದೆ. ಚಿತ್ರ ಮಾಡುವ ಶಕ್ತಿ ನಮ್ಮಲ್ಲಿ ಯಾವತ್ತೂ ಕಡಿಮೆ ಇರಲಿಲ್ಲ. ಮಾಡಿದ ಚಿತ್ರ ಇಲ್ಲಿನ ಜನರನ್ನು ಮುಟ್ಟುವ ದಾರಿಗಳು ಒಂದೊಂದಾಗಿ ಮುಚ್ಚಿವೆ. ದಾರಿ ಮುಚ್ಚಿದ್ದರಿಂದಲೇ ಚಿತ್ರಗಳು ಹೊರದೇಶಕ್ಕೆ ಹೋಗುತ್ತಿವೆ. ಅಲ್ಲಿಗೆ ಹೋದದ್ದರಿಂದ ಪ್ರಶಸ್ತಿಯೂ ಬರುತ್ತಿದೆ.

ಸರ್ಕಾರವೇ ನಿರ್ಮಾಪಕನಾಗಿದ್ದ ಕಾಲ

1948ರಲ್ಲಿ ಕೇಂದ್ರ ಸರ್ಕಾರ ಫಿಲ್ಮ್ಸ್ ಡಿವಿಷನ್ ಶುರು ಮಾಡಿತು. ಐವತ್ತು ದಾಟಿದ ಓದುಗರಿಗೆ ಅದರ ಹೆಸರು ನೆನಪಿರಬಹುದು. ಟಾಕೀಸಿನಲ್ಲಿ ಮುಖ್ಯ ಸಿನಿಮಾ ಶುರುವಾಗುವ ಮುಂಚೆ ಕಪ್ಪುಬಿಳುಪಿನ ಒಂದು ಚಿತ್ರ ಬರುತ್ತಿತ್ತಲ್ಲ, ಅಣೆಕಟ್ಟು, ನೆರೆ ಪರಿಹಾರ, ಪ್ರಧಾನಿಯ ಪ್ರವಾಸ ಎಲ್ಲ ಇರುತ್ತಿದ್ದವಲ್ಲ, ಅದು ಅವರದು. ಅದನ್ನು ತೋರಿಸುವುದು ಟಾಕೀಸಿನ ಪರವಾನಗಿಯ ಷರತ್ತಾಗಿತ್ತು. ಮಾಲೀಕರು ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕಿತ್ತು.

ಈ ವ್ಯವಸ್ಥೆಯ ದೋಷ ಎಲ್ಲರಿಗೂ ಗೊತ್ತು. ಸರ್ಕಾರದ ದುಡ್ಡು, ಸರ್ಕಾರದ ಮಾತು. ಜನ ಅದನ್ನು ಪ್ರಚಾರ ಎಂದೇ ಭಾವಿಸಿದರು. ‘ಡಾಕ್ಯುಮೆಂಟರಿ ಅಂದರೆ ಬೋರು’ ಎಂಬ ಅಭಿಪ್ರಾಯ ಬೇರು ಬಿಟ್ಟಿದ್ದೂ ಅಲ್ಲೇ.

ಆದರೆ ಅದರಿಂದ ಆದ ಒಳ್ಳೆಯದನ್ನೂ ಹೇಳಬೇಕು. ತಿಂಗಳ ಸಂಬಳ ಪಡೆದು ಸಾಕ್ಷ್ಯಚಿತ್ರ ಮಾಡುವ ಒಂದು ಪೀಳಿಗೆ ಅಲ್ಲಿ ಬೆಳೆಯಿತು. 1960ರ ದಶಕದಲ್ಲಿ ಎಸ್. ಸುಖದೇವ್, ಎಸ್.ಎನ್.ಎಸ್. ಶಾಸ್ತ್ರಿ, ಪ್ರಮೋದ್ ಪತಿ ಅಂಥವರು ಸರ್ಕಾರಿ ಚೌಕಟ್ಟಿನೊಳಗೇ ದಿಟ್ಟ ಪ್ರಯೋಗಗಳನ್ನು ಮಾಡಿದರು. 1969ರಲ್ಲಿ ‘ದಿ ಹೌಸ್ ದಟ್ ಆನಂದ ಬಿಲ್ಟ್’, ಮುಂದೆ 1979ರಲ್ಲಿ ವಿಧು ವಿನೋದ್ ಚೋಪ್ರಾ ಅವರ ‘ಆ್ಯನ್ ಎನ್‌ಕೌಂಟರ್ ವಿತ್ ಫೇಸಸ್’ ಆಸ್ಕರ್ ನಾಮನಿರ್ದೇಶನ ಪಡೆದವು. ಎರಡೂ ಫಿಲ್ಮ್ಸ್ ಡಿವಿಷನ್ ಚಿತ್ರಗಳು. ಅಂದರೆ ಇವತ್ತಿನ ಆಸ್ಕರ್ ಸುದ್ದಿ ತೀರಾ ಹೊಸ ಅದ್ಭುತವೇನಲ್ಲ. ವ್ಯತ್ಯಾಸ ಇಷ್ಟೇ: ಅಂದು ಚಿತ್ರಕ್ಕೆ ದುಡ್ಡು ಹಾಕಿದ್ದೂ ಇಲ್ಲಿ, ತೋರಿಸುವ ಪರದೆ ಇದ್ದದ್ದೂ ಇಲ್ಲಿ.

1990ರ ದಶಕದ ನಂತರ ಟಾಕೀಸಿನಲ್ಲಿ ಕಡ್ಡಾಯವಾಗಿ ತೋರಿಸುವ ಪದ್ಧತಿ ಸವೆಯುತ್ತ ಹೋಯಿತು. 2022ರ ಮಾರ್ಚ್‌ನಲ್ಲಿ ಫಿಲ್ಮ್ಸ್ ಡಿವಿಷನ್ ಅನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಜೊತೆ ವಿಲೀನ ಮಾಡಲಾಯಿತು. ಒಂದೇ ಕೆಲಸವನ್ನು ಹಲವು ಸಂಸ್ಥೆಗಳು ಮಾಡುವುದು ಬೇಡ, ಒಂದೇ ಸೂರಿನಡಿ ಬಂದರೆ ದುಡ್ಡು ಉಳಿಯುತ್ತದೆ ಎಂಬುದು ಸರ್ಕಾರದ ವಾದ. ನಿಗಮ ಒಂದು ಕಂಪನಿ, ಲಾಭನಷ್ಟ ನೋಡುವ ಸಂಸ್ಥೆ ಸಾಕ್ಷ್ಯಚಿತ್ರವನ್ನು ಯಾಕೆ ಪೋಷಿಸುತ್ತದೆ, ದಶಕಗಳ ಚಿತ್ರಸಂಗ್ರಹದ ಗತಿ ಏನು ಎಂಬುದು ಚಿತ್ರಕಾರರ ಪ್ರಶ್ನೆ. ಎರಡನೆಯ ಆತಂಕದಲ್ಲಿ ಹುರುಳಿದೆ ಅಂತ ನನಗೆ ಅನಿಸುತ್ತದೆ. ಸ್ವಾತಂತ್ರ್ಯಾನಂತರದ ಭಾರತದ ಚಲಿಸುವ ನೆನಪು ಬಹುಪಾಲು ಇರುವುದು ಅಲ್ಲೇ.

ಒಬ್ಬರ ಐವತ್ತು ವರ್ಷ

ಸರ್ಕಾರದ ಸಂಬಳ ಬೇಡ ಎಂದು ಹೊರಗೆ ನಿಂತವರ ವೃತ್ತಿ ಹೇಗಿರುತ್ತದೆ? ಇದಕ್ಕೆ ಪಟವರ್ಧನ್ ಅವರಿಗಿಂತ ಸ್ಪಷ್ಟ ಉದಾಹರಣೆ ಇಲ್ಲ.

1950ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಮೊದಲ ಚಿತ್ರ ಮಾಡಿದ್ದು 1974–75ರಲ್ಲಿ, ಬಿಹಾರದಲ್ಲಿ ನಡೆದ ಜಯಪ್ರಕಾಶ್ ನಾರಾಯಣ್ ಚಳವಳಿಯ ಬಗ್ಗೆ. ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಚಿತ್ರದ ಪ್ರತಿಯನ್ನು ತುಂಡು ತುಂಡು ಮಾಡಿ ಗುಟ್ಟಾಗಿ ದೇಶದ ಹೊರಗೆ ಸಾಗಿಸಬೇಕಾಯಿತು. 1978ರಲ್ಲಿ ರಾಜಕೀಯ ಕೈದಿಗಳ ಬಗ್ಗೆ ಒಂದು ಚಿತ್ರ. 1985ರಲ್ಲಿ ಮುಂಬೈಯ ಕೊಳೆಗೇರಿ ನಿವಾಸಿಗಳ ಬಗ್ಗೆ ‘ಬಾಂಬೆ ಅವರ್ ಸಿಟಿ’. ಆಮೇಲೆ ‘ರಾಮ್ ಕೆ ನಾಮ್’. ಪುರುಷತ್ವ ಮತ್ತು ಕೋಮುಹಿಂಸೆಯ ನಂಟನ್ನು ನೋಡುವ ‘ಫಾದರ್, ಸನ್ ಆ್ಯಂಡ್ ಹೋಲಿ ವಾರ್’. ಪೋಖ್ರಾನ್ ಅಣು ಪರೀಕ್ಷೆಯ ನಂತರದ ಭಾರತ, ಪಾಕಿಸ್ತಾನಗಳನ್ನು ತೋರಿಸುವ ‘ವಾರ್ ಆ್ಯಂಡ್ ಪೀಸ್’. 2011ರಲ್ಲಿ ‘ಜೈ ಭೀಮ್ ಕಾಮ್ರೇಡ್’. 2018ರಲ್ಲಿ ‘ವಿವೇಕ್’. 2023ರಲ್ಲಿ ತಮ್ಮ ತಂದೆ ತಾಯಿ, ಸ್ವಾತಂತ್ರ್ಯ ಹೋರಾಟದ ಕುಟುಂಬದ ನೆನಪುಗಳ ಚಿತ್ರ ‘ವಸುಧೈವ ಕುಟುಂಬಕಂ’.

ಈ ಪಟ್ಟಿಯಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಚಿತ್ರದಿಂದ ಚಿತ್ರಕ್ಕೆ ಇರುವ ಅಂತರ. ‘ಜೈ ಭೀಮ್ ಕಾಮ್ರೇಡ್’ ಮುಗಿಯಲು 14 ವರ್ಷ ಬೇಕಾಯಿತು. 1997ರ ಜುಲೈನಲ್ಲಿ ಮುಂಬೈಯ ರಮಾಬಾಯಿ ಕಾಲೊನಿಯಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನವಾಯಿತು. ಪ್ರತಿಭಟಿಸಿದ ದಲಿತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತು ಜನ ಸತ್ತರು. ಆ ನೋವಿನಲ್ಲಿ ಗಾಯಕ, ಕವಿ ವಿಲಾಸ್ ಘೋಗ್ರೆ ಆತ್ಮಹತ್ಯೆ ಮಾಡಿಕೊಂಡರು. ‘ಬಾಂಬೆ ಅವರ್ ಸಿಟಿ’ಯಲ್ಲಿ ಹಾಡಿದ್ದು ಇದೇ ಘೋಗ್ರೆ. ಹಳೆಯ ಚಿತ್ರದ ಹಾಡುಗಾರನ ಸಾವಿನಿಂದ ಹೊಸ ಚಿತ್ರ ಶುರುವಾಯಿತು. ಗುಂಡು ಹಾರಿಸಿದ ಪ್ರಕರಣ ಕೋರ್ಟಿನಲ್ಲಿ ಎಳೆಯುತ್ತಿದ್ದಷ್ಟು ಕಾಲ ಚಿತ್ರೀಕರಣವೂ ಮುಂದುವರಿಯಿತು. ಕಥಾಚಿತ್ರದ ನಿರ್ಮಾಪಕರು 60 ದಿನದ ಶೆಡ್ಯೂಲ್ ಹಾಕಬಹುದು. ಇಲ್ಲಿ ಹಾಗಾಗುವುದಿಲ್ಲ. ಬದುಕು ಯಾವ ಕಡೆ ತಿರುಗುತ್ತದೋ ಅಲ್ಲಿಯ ತನಕ ಕಾಯಬೇಕು. ಆ ಕಾಯುವ ವರ್ಷಗಳಿಗೆ ಸಂಬಳ ಕೊಡುವವರು ಯಾರೂ ಇಲ್ಲ.

ಎರಡನೆಯದು, ಚಿತ್ರ ಮುಗಿದ ಮೇಲಿನ ಹೋರಾಟ. ‘ವಾರ್ ಆ್ಯಂಡ್ ಪೀಸ್’ಗೆ ಸೆನ್ಸಾರ್ ಮಂಡಳಿ 21 ಕತ್ತರಿ ಹೇಳಿತು. 2003ರಲ್ಲಿ ಬಾಂಬೆ ಹೈಕೋರ್ಟ್ ಒಂದೂ ಕತ್ತರಿ ಇಲ್ಲದೆ ಬಿಡುಗಡೆಗೆ ದಾರಿ ಮಾಡಿತು. ‘ಫಾದರ್, ಸನ್ ಆ್ಯಂಡ್ ಹೋಲಿ ವಾರ್’ಗೆ ರಾಷ್ಟ್ರ ಪ್ರಶಸ್ತಿ ಬಂದಿದ್ದರೂ ದೂರದರ್ಶನ ಪ್ರಸಾರ ಮಾಡಲು ಒಪ್ಪಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2006ರಲ್ಲಿ, ಎಂಟು ವಾರದೊಳಗೆ ಪ್ರಸಾರ ಮಾಡಿ ಎಂದು ಕೋರ್ಟ್ ಹೇಳಿತು. ಚಿತ್ರ ತಯಾರಾಗಿ ಆಗಲೇ ಹತ್ತು ವರ್ಷ ದಾಟಿತ್ತು. ‘ರಾಮ್ ಕೆ ನಾಮ್’ ಕೂಡ ಕೋರ್ಟ್ ಆದೇಶದ ನಂತರವೇ ದೂರದರ್ಶನಕ್ಕೆ ಬಂದದ್ದು.

ಅಂದರೆ ಅವರ ವೃತ್ತಿಜೀವನದ ದೊಡ್ಡ ಪಾಲು ಕ್ಯಾಮೆರಾದ ಹಿಂದೆ ಕಳೆದದ್ದಲ್ಲ, ವಕೀಲರ ಜೊತೆ ಕಳೆದದ್ದು. ಅವರು ಗೆದ್ದರು. ಆದರೆ ಇಂಥ ಗೆಲುವಿಗೆ ಬೇಕಾದ ವರ್ಷಗಳು, ಇಂಗ್ಲಿಷ್, ವಕೀಲರ ಪರಿಚಯ, ಮನೆಯ ಆಸರೆ ಎಷ್ಟು ಜನರಿಗಿದೆ? ಅವರ ಹಾದಿಯನ್ನು ಎಲ್ಲರೂ ಹಿಡಿಯಬಹುದು ಅನ್ನುವುದು ತಪ್ಪು. ಎದೆಗಾರಿಕೆಯ ಜೊತೆಗೆ ಅದಕ್ಕೆ ಬಂಡವಾಳವೂ ಬೇಕು.

ಸೆನ್ಸಾರ್ ಇದ್ದೂ ತಡೆ ಯಾಕೆ?

ಇಲ್ಲಿ ಕಾನೂನನ್ನು ಸ್ವಲ್ಪ ಬಿಡಿಸಿ ನೋಡಬೇಕು.

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಯಾವುದೇ ಚಿತ್ರಕ್ಕೆ ಪ್ರಮಾಣಪತ್ರ ಬೇಕು. ನೂರು ಕೋಟಿಯ ಸಿನಿಮಾ, ಒಬ್ಬರೇ ಮಾಡಿದ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಎಂಬ ಭೇದ ಇಲ್ಲ. ಚಿತ್ರೋತ್ಸವಗಳಿಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. 2019ರಲ್ಲಿ ಕೇರಳದ ಸಾಕ್ಷ್ಯಚಿತ್ರ, ಕಿರುಚಿತ್ರ ಉತ್ಸವದಲ್ಲಿ ‘ವಿವೇಕ್’ ತೋರಿಸಲು ಈ ವಿನಾಯಿತಿ ಸಿಗಲಿಲ್ಲ. ಕೇರಳ ಹೈಕೋರ್ಟ್ ಅನುಮತಿ ಕೊಟ್ಟ ಮೇಲೆ ತೋರಿಸಿದರು.

ಸೆನ್ಸಾರ್ ಬೇಕು ಅನ್ನುವವರ ವಾದ ಹಳೆಯದು, ಗಟ್ಟಿಯಾದದ್ದು. ಚಲನಚಿತ್ರ ಮನಸ್ಸಿನ ಮೇಲೆ ಮಾಡುವ ಪರಿಣಾಮ ಪುಸ್ತಕಕ್ಕಿಂತ ಜಾಸ್ತಿ, ಹಾಗಾಗಿ ಮುಂಚಿತವಾಗಿ ನೋಡಿ ಬಿಡುವುದು ಸರಿ ಎಂಬುದು ಅದರ ತಿರುಳು. ಸುಪ್ರೀಂ ಕೋರ್ಟ್ 1970ರಲ್ಲಿ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಆ ಪ್ರಕರಣ ಹುಟ್ಟಿದ್ದೂ ಒಂದು ಸಾಕ್ಷ್ಯಚಿತ್ರದಿಂದಲೇ. ನಾಲ್ಕು ಮಹಾನಗರಗಳ ಬಡವ ಬಲ್ಲಿದರ ಅಂತರ ತೋರಿಸುವ ಕಿರುಚಿತ್ರ ಅದು. ಇವತ್ತಿಗೂ ಭಾರತದ ಸಿನಿಮಾ ಸೆನ್ಸಾರ್‌ಗೆ ಆ ತೀರ್ಪೇ ತಳಹದಿ.

ವಿರೋಧಿಸುವವರಿಗೂ ಸುಪ್ರೀಂ ಕೋರ್ಟಿನದೇ ಆಸರೆ ಇದೆ. 1989ರ ರಂಗರಾಜನ್ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು ಇದು: ಪ್ರಮಾಣಪತ್ರ ಪಡೆದ ಚಿತ್ರಕ್ಕೆ ಗಲಾಟೆಯ ಬೆದರಿಕೆ ಬಂದರೆ ಸರ್ಕಾರ ಚಿತ್ರವನ್ನು ತಡೆಯಬಾರದು, ಗಲಾಟೆಯನ್ನು ತಡೆಯಬೇಕು. 1992ರಲ್ಲಿ, ಭೋಪಾಲ್ ಅನಿಲ ದುರಂತದ ಬಗೆಗಿನ ಪ್ರಶಸ್ತಿ ವಿಜೇತ ಸಾಕ್ಷ್ಯಚಿತ್ರವನ್ನು ದೂರದರ್ಶನ ತಿರಸ್ಕರಿಸಿದಾಗ, ಸರ್ಕಾರವನ್ನು ಟೀಕಿಸುತ್ತದೆ ಎಂಬ ಕಾರಣಕ್ಕೆ ಪ್ರಸಾರ ನಿಲ್ಲಿಸುವಂತಿಲ್ಲ ಎಂದು ಅದೇ ಕೋರ್ಟ್ ಹೇಳಿತು.

ಹೈದರಾಬಾದ್ ಘಟನೆಯನ್ನು ಇದರ ಎದುರು ಇಟ್ಟು ನೋಡಿ. ಸೆನ್ಸಾರ್ ಪರ ವಾದಿಸುವವರ ತರ್ಕದ ಪ್ರಕಾರವೇ ಆ ಚಿತ್ರ ಪರೀಕ್ಷೆ ಪಾಸಾಗಿದೆ. ಆದರೂ ತಡೆ ಬಿತ್ತು. ಅಂದರೆ ಪ್ರಮಾಣಪತ್ರ ನಿರ್ಬಂಧವಾಗಿ ಮಾತ್ರ ಕೆಲಸ ಮಾಡುತ್ತಿದೆ, ರಕ್ಷಣೆಯಾಗಿ ಕೆಲಸ ಮಾಡುತ್ತಿಲ್ಲ. ಇದು ನ್ಯಾಯವಲ್ಲ. ಕಾನೂನು ಪಾಲಿಸಿದವರಿಗೆ ಕಾನೂನಿನ ಕಾವಲು ಸಿಗಲೇಬೇಕು.

ಇನ್ನೊಂದು ಬದಲಾವಣೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಮಂಡಳಿಯ ತೀರ್ಮಾನ ಒಪ್ಪದವರು ಹೋಗಲು ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು. ಹೈಕೋರ್ಟಿಗಿಂತ ಬೇಗ, ಕಡಿಮೆ ಖರ್ಚಿನಲ್ಲಿ ಅಲ್ಲಿ ಉತ್ತರ ಸಿಗುತ್ತಿತ್ತು. ಆಮ್ ಆದ್ಮಿ ಪಕ್ಷದ ಹುಟ್ಟಿನ ಬಗೆಗಿನ ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ಚಿತ್ರಕ್ಕೆ ಮಂಡಳಿ ಕೇಳಿದ್ದು, ಚಿತ್ರದಲ್ಲಿ ಕಾಣುವ ರಾಜಕಾರಣಿಗಳಿಂದಲೇ ಒಪ್ಪಿಗೆ ಪತ್ರ ತನ್ನಿ ಎಂದು. ನ್ಯಾಯಮಂಡಳಿ ಅದನ್ನು ಬದಿಗಿಟ್ಟಿತು. ಚಿತ್ರ 2017ರ ನವೆಂಬರ್‌ನಲ್ಲಿ ಟಾಕೀಸಿಗೆ ಬಂತು, ಜನ ಟಿಕೆಟ್ ಕೊಂಡು ನೋಡಿದರು. 2021ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ಆ ನ್ಯಾಯಮಂಡಳಿಯನ್ನೇ ರದ್ದು ಮಾಡಲಾಯಿತು. ಈಗ ಉಳಿದಿರುವುದು ಹೈಕೋರ್ಟ್ ಮಾತ್ರ. ದೊಡ್ಡ ನಿರ್ಮಾಪಕರಿಗೆ ಇದು ತಲೆನೋವು. ಒಬ್ಬರೇ ಚಿತ್ರ ಮಾಡುವವರಿಗೆ ದಾರಿಯೇ ಇಲ್ಲದ ಹಾಗೆ.

ಹಾಗಾದರೆ ದುಡ್ಡು ಎಲ್ಲಿಂದ?

ಇಲ್ಲಿ ಪರದೆ ಸಿಗದಿದ್ದರೆ ಹೂಡಿದ ದುಡ್ಡು ವಾಪಸ್ ಬರುವುದಿಲ್ಲ. ವಾಪಸ್ ಬರದ ಕಡೆ ಯಾರೂ ಹೂಡುವುದಿಲ್ಲ. ಹೀಗಾಗಿ ಚಿತ್ರಕಾರರು ಹೊರಗೆ ನೋಡುತ್ತಾರೆ.

ಇವತ್ತು ಒಂದು ಸಾಕ್ಷ್ಯಚಿತ್ರ ತಯಾರಾಗುವ ಬಗೆ ಸುಮಾರಾಗಿ ಹೀಗಿದೆ. ಮೊದಲ ಒಂದೆರಡು ವರ್ಷ ಸ್ವಂತ ದುಡ್ಡಿನಲ್ಲಿ ಚಿತ್ರೀಕರಣ. ಅದರಿಂದ ಹತ್ತು ನಿಮಿಷದ ಮಾದರಿ ತುಣುಕು. ಅದನ್ನು ಹಿಡಿದು ಕೋಲ್ಕತ್ತದ ಡಾಕ್‌ಎಡ್ಜ್, ಗೋವಾದ ಫಿಲ್ಮ್ ಬಜಾರ್, ಆಮ್‌ಸ್ಟರ್‌ಡ್ಯಾಮ್, ಟೊರಾಂಟೊ, ಶೆಫೀಲ್ಡ್‌ನಂಥ ಕಡೆ ‘ಪಿಚ್’ ಮಾಡುವುದು. ಅಂದರೆ ಹಣ ಕೊಡುವವರ ಮುಂದೆ ನಿಂತು ಕೆಲವೇ ನಿಮಿಷಗಳಲ್ಲಿ ಕಥೆ ಹೇಳಿ ಒಪ್ಪಿಸುವುದು. ಸನ್‌ಡಾನ್ಸ್ ಸಂಸ್ಥೆಯ ನಿಧಿ, ಆಮ್‌ಸ್ಟರ್‌ಡ್ಯಾಮ್‌ನ ಬರ್ಥಾ ನಿಧಿ ಅಂಥ ಕಡೆಗಳಿಂದ ಚೂರು ಚೂರು ಅನುದಾನ. ಕೊನೆಗೆ ಒಂದು ದೊಡ್ಡ ಉತ್ಸವದಲ್ಲಿ ಮೊದಲ ಪ್ರದರ್ಶನ, ಆಮೇಲೆ ಯಾವುದಾದರೂ ವಾಹಿನಿ ಕೊಂಡರೆ ಸಾಲ ತೀರುತ್ತದೆ.

ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ ಈ ಹಾದಿಯ ಅತ್ಯಂತ ಯಶಸ್ವಿ ಪಯಣ. ದೆಹಲಿಯ ಹೊಗೆಯಲ್ಲಿ ಕೆಳಗೆ ಬೀಳುವ ಹದ್ದುಗಳಿಗೆ ಆರೈಕೆ ಮಾಡುವ ಅಣ್ಣತಮ್ಮಂದಿರ ಕಥೆ. 2022ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಾಕ್ಷ್ಯಚಿತ್ರ ವಿಭಾಗದ ದೊಡ್ಡ ಪ್ರಶಸ್ತಿ, ಅದೇ ವರ್ಷ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರ ಪ್ರಶಸ್ತಿ, ಆಮೇಲೆ ಎಚ್‌ಬಿಒ ಖರೀದಿ. ಅದರ ಹಿಂದಿನ ವರ್ಷ ಕಾನ್‌ನಲ್ಲಿ ಅದೇ ಪ್ರಶಸ್ತಿ ಗೆದ್ದದ್ದು ಪಾಯಲ್ ಕಪಾಡಿಯಾ. 2024ರಲ್ಲಿ ಅವರು ಕಥಾಚಿತ್ರದೊಂದಿಗೆ ಕಾನ್‌ನ ಗ್ರ್ಯಾಂಡ್ ಪ್ರಿ ಗೆದ್ದರು.

ಸಮಸ್ಯೆ ಎಲ್ಲಿದೆ ಅಂದರೆ, ಹಣ ಎಲ್ಲಿಂದ ಬರುತ್ತದೋ ಅಲ್ಲಿನ ಪ್ರೇಕ್ಷಕರು ಚಿತ್ರಕಾರರ ತಲೆಯಲ್ಲಿ ಮೊದಲು ಬಂದು ಕೂರುತ್ತಾರೆ. ನಮಗೆ ಹೇಳಬೇಕಿಲ್ಲದ್ದನ್ನು ವಿವರಿಸಬೇಕಾಗುತ್ತದೆ, ನಮಗೆ ತಿಳಿಯಬೇಕಾದ್ದನ್ನು ಬಿಡಬೇಕಾಗುತ್ತದೆ. ಜಾತಿಯ ಒಳಪದರಗಳು, ಒಂದು ತಾಲೂಕಿನ ರಾಜಕಾರಣ, ಊರಿನ ಆಡುಮಾತಿನ ಸೂಕ್ಷ್ಮ ಹಿಂದೆ ಸರಿಯುತ್ತವೆ. ಎಲ್ಲ ದೇಶದವರಿಗೂ ತಟ್ಟುವ ಒಬ್ಬ ನಾಯಕ ಅಥವಾ ನಾಯಕಿ ಮುಂದೆ ಬರುತ್ತಾರೆ. ‘ಬಡತನ ಮಾರುತ್ತಾರೆ’ ಎಂಬ ಟೀಕೆ ಇಲ್ಲಿಂದಲೇ ಹುಟ್ಟುವುದು. ಆ ಟೀಕೆಯನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಹಣ ಸಿಗದವರು ಬೇರೆ ಕಡೆ ಕೇಳುವುದು ತಪ್ಪಲ್ಲ. ಆದರೆ ಅನುದಾನ ಕೊಡುವವರ ಅಭಿರುಚಿ ಚಿತ್ರದ ಆಕಾರವನ್ನು ಬದಲಿಸುತ್ತದೆ ಅನ್ನುವುದು ಸುಳ್ಳಲ್ಲ.

ಮನೆ ನಡೆಸಲು ಬಹುಪಾಲು ಚಿತ್ರಕಾರರು ಬೇರೆಯದೇ ಕೆಲಸ ಮಾಡುತ್ತಾರೆ. ಕಂಪನಿ, ಎನ್‌ಜಿಒಗಳ ಚಿತ್ರಗಳು, ಜಾಹೀರಾತು, ಕಾಲೇಜಿನಲ್ಲಿ ಪಾಠ, ಬೇರೆಯವರ ಚಿತ್ರಕ್ಕೆ ಸಂಕಲನ. ಸ್ವಂತ ಚಿತ್ರ ಉಳಿದ ಸಮಯದ್ದು. ಐದು ವರ್ಷ, ಹತ್ತು ವರ್ಷ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಓಟಿಟಿ ಬಂತು, ಆದರೆ

ಓಟಿಟಿಯಲ್ಲಿ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಹಾಗಾಗಿ ಅದು ಬಂದಾಗ ಸಾಕ್ಷ್ಯಚಿತ್ರದವರಲ್ಲಿ ದೊಡ್ಡ ಆಸೆ ಹುಟ್ಟಿತು. ಸ್ವಲ್ಪ ಮಟ್ಟಿಗೆ ಆಸೆ ಈಡೇರಿತು ಕೂಡ. ಜನ ಡಾಕ್ಯುಮೆಂಟರಿ ನೋಡುವುದಿಲ್ಲ ಎಂಬ ಮಾತು ಸುಳ್ಳಾಯಿತು. ದೆಹಲಿಯ ಬುರಾರಿ ಸಾವುಗಳ ಸರಣಿ, ಕೇರಳದ ಕೂಡತ್ತಾಯಿ ಸೈನೈಡ್ ಪ್ರಕರಣದ ಚಿತ್ರವನ್ನು ಮನೆ ಮನೆಯಲ್ಲಿ ನೋಡಿದರು.

ಆದರೆ ಯಾವ ಬಗೆಯವು ಬರುತ್ತಿವೆ ನೋಡಿ. ಅಪರಾಧ, ಸಿನಿಮಾ ತಾರೆಯರ ಬದುಕು, ಕ್ರಿಕೆಟ್, ಪ್ರಾಣಿಗಳು. ರಾಜಕೀಯ, ಜಾತಿ, ಧರ್ಮ, ಭೂಮಿಯ ವಿಷಯಗಳಿಗೆ ಜಾಗ ತೀರಾ ಕಡಿಮೆ. 2021ರ ಐಟಿ ನಿಯಮಗಳು ಓಟಿಟಿಗಳಿಗೆ ದೂರು ವಿಚಾರಣೆಯ ಮೂರು ಹಂತ ಹಾಕಿದವು. ಮೇಲಿನ ಹಂತ ಸರ್ಕಾರದ್ದು. ಕಂಪನಿಗಳಿಗೆ ಇಲ್ಲಿ ದೊಡ್ಡ ವ್ಯಾಪಾರ ಇದೆ. ಒಂದು ಸಾಕ್ಷ್ಯಚಿತ್ರಕ್ಕಾಗಿ ಠಾಣೆ, ಕೋರ್ಟ್ ಅಲೆಯುವುದು ಅವರಿಗೆ ಬೇಡ. ಯಾರೂ ಬೇಡ ಅನ್ನುವ ಮೊದಲೇ ತಾವೇ ಕೈ ಬಿಡುತ್ತಾರೆ. ಪತ್ರಕರ್ತ ರವೀಶ್ ಕುಮಾರ್ ಬಗೆಗಿನ ‘ವೈಲ್ ವಿ ವಾಚ್ಡ್’ 2023ರಲ್ಲಿ ಬ್ರಿಟನ್, ಅಮೆರಿಕದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು, ಇಲ್ಲಿ ಆಗಲಿಲ್ಲ. ‘ರೈಟಿಂಗ್ ವಿತ್ ಫೈರ್’ ಆಸ್ಕರ್ ಪಟ್ಟಿಯಲ್ಲಿದ್ದಾಗಲೂ ಭಾರತದಲ್ಲಿ ಬಿಡುಗಡೆ ಕಂಡಿರಲಿಲ್ಲ. ಇವೆರಡಕ್ಕೂ ಯಾವ ನಿಷೇಧವೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ತಾರೆಯರ ಚಿತ್ರಗಳಿಗೂ ಒಂದು ತೊಡಕಿದೆ. ಹಳೆಯ ದೃಶ್ಯ ಬಳಸಲು ಹಕ್ಕುದಾರರ ಒಪ್ಪಿಗೆ ಬೇಕು. 2024ರ ನವೆಂಬರ್‌ನಲ್ಲಿ ನಟಿ ನಯನತಾರಾ ತಮ್ಮ ಕುರಿತ ಸಾಕ್ಷ್ಯಚಿತ್ರದಲ್ಲಿನ ಮೂರು ಸೆಕೆಂಡ್ ದೃಶ್ಯಕ್ಕೆ ನಟ, ನಿರ್ಮಾಪಕ ಧನುಷ್ 10 ಕೋಟಿ ರೂಪಾಯಿ ಕೇಳಿ ನೋಟಿಸ್ ಕಳಿಸಿದ್ದಾರೆ ಎಂದು ಬಹಿರಂಗ ಪತ್ರ ಬರೆದರು. ಅಷ್ಟು ದೊಡ್ಡವರಿಗೇ ಹೀಗಾದರೆ, ನಲವತ್ತು ವರ್ಷದ ಸುದ್ದಿ ದೃಶ್ಯಗಳನ್ನು ಬಳಸಿ ಇತಿಹಾಸ ಹೇಳಬೇಕೆಂದಿರುವ ಒಬ್ಬ ಸಾಮಾನ್ಯ ಚಿತ್ರಕಾರ ಏನು ಮಾಡಬೇಕು?

ಪರದೆಯ ಮೇಲಿರುವವರಿಗೆ ಏನು ಸಿಕ್ಕಿತು?

ಪ್ರಶಸ್ತಿಯ ಸುದ್ದಿ ಬಂದ ಕೂಡಲೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅದನ್ನು ಚಿತ್ರಕಾರರ ಪರ ಇರುವವರು ಸಾಮಾನ್ಯವಾಗಿ ಬದಿಗೆ ಸರಿಸುತ್ತಾರೆ. ಸರಿಸಬಾರದು.

‘ರೈಟಿಂಗ್ ವಿತ್ ಫೈರ್’ ಚಿತ್ರಿಸಿದ್ದು ಬುಂದೇಲ್‌ಖಂಡದ ಮಹಿಳೆಯರ ಪತ್ರಿಕೆ ‘ಖಬರ್ ಲಹರಿಯಾ’ವನ್ನು. ಆಸ್ಕರ್ ಸಮಾರಂಭಕ್ಕೆ ಮುಂಚೆ ಆ ಪತ್ರಿಕೆಯವರೇ ಹೇಳಿಕೆ ಕೊಟ್ಟು, ಚಿತ್ರ ತಮ್ಮ ಕೆಲಸದ ಒಂದೇ ಭಾಗವನ್ನು ತೋರಿಸಿದೆ, ಅದು ತಮ್ಮ ಪೂರ್ಣ ಚಿತ್ರಣವಲ್ಲ ಎಂದರು. 2023ರ ಆಗಸ್ಟ್‌ನಲ್ಲಿ, ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಆನೆಮರಿ ಸಾಕಿದ ದಂಪತಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ತಂಡಕ್ಕೆ ಹಣದ ವಿಷಯದಲ್ಲಿ ಲೀಗಲ್ ನೋಟಿಸ್ ಕಳಿಸಿದ ಸುದ್ದಿ ಬಂತು. ತಂಡ ಆರೋಪಗಳನ್ನು ನಿರಾಕರಿಸಿತು. ‘ಟು ಕಿಲ್ ಎ ಟೈಗರ್’ನಲ್ಲಿ ಅತ್ಯಾಚಾರದಿಂದ ಬದುಕುಳಿದ ಹುಡುಗಿಯ ಮುಖ ಕಾಣುತ್ತದೆ. ಆಕೆ ವಯಸ್ಕಳಾದ ಮೇಲೆ ತಾನೇ ಒಪ್ಪಿದಳು ಎಂದು ತಂಡ ಹೇಳುತ್ತದೆ. ಚಿತ್ರೀಕರಣವಾದಾಗ ಅವಳು ಅಪ್ರಾಪ್ತಳು, ಗುರುತು ಬಯಲಾಗಬಾರದಿತ್ತು ಎಂದು ಆಕ್ಷೇಪಿಸುವವರು ಹೇಳುತ್ತಾರೆ.

ಪತ್ರಿಕಾ ವೃತ್ತಿಯಂತೆ ಇಲ್ಲೂ ಒಂದು ಹಳೆಯ ನಿಯಮ ಇದೆ: ಕ್ಯಾಮೆರಾದ ಮುಂದೆ ಮಾತಾಡಿದ್ದಕ್ಕೆ ಹಣ ಕೊಡಬಾರದು, ಕೊಟ್ಟರೆ ಜನ ಕೇಳಿದ ಹಾಗೆ ಮಾತಾಡುತ್ತಾರೆ. ಚಿತ್ರದಿಂದ ಯಾರಿಗೂ ದುಡ್ಡು ಬರದಿದ್ದ ಕಾಲದಲ್ಲಿ ಆ ನಿಯಮಕ್ಕೆ ಅರ್ಥ ಇತ್ತು. ಈಗ ಕಂಪನಿಗಳು ಚಿತ್ರ ಕೊಳ್ಳುತ್ತವೆ. ಆದಾಯ ಬಂದಾಗ ಅದರಲ್ಲಿ ಚಿತ್ರದ ಜನರಿಗೆ ಪಾಲು ಎಷ್ಟು, ಯಾವ ರೂಪದಲ್ಲಿ ಎಂದು ಶುರುವಿನಲ್ಲೇ ಅವರ ಭಾಷೆಯಲ್ಲಿ ಬರೆದುಕೊಳ್ಳಬೇಕು. ಬರೀ ಒಂದು ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಅನಿಸಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಕೊರತೆ ಇನ್ನೂ ಜಾಸ್ತಿ

ಕರ್ನಾಟಕಕ್ಕೆ ಈ ಕಥೆಯಲ್ಲಿ ತನ್ನದೇ ಪಾಲಿದೆ. 1980ರಲ್ಲಿ ಶುರುವಾದ ‘ಯುಗಾಂತರ್’ ಎಂಬ ಮಹಿಳಾ ಚಿತ್ರ ತಂಡದಲ್ಲಿ ಬೆಂಗಳೂರಿನ ದೀಪಾ ಧನರಾಜ್ ಇದ್ದರು. ಆ ತಂಡ 1982ರಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿದ ಬಗೆಯನ್ನು ಚಿತ್ರಿಸಿತು. ಕೆಲಸಗಾರ ಹೆಂಗಸರ ಮಧ್ಯೆಯೇ ತೋರಿಸಲು ಮಾಡಿದ ಚಿತ್ರ ಅದು. ದಶಕಗಳ ನಂತರ ಅದನ್ನು ಸರಿಪಡಿಸಿ, ಡಿಜಿಟಲ್ ಮಾಡಿ ಉಳಿಸಿದ್ದು ಬರ್ಲಿನ್‌ನ ಆರ್ಸೆನಲ್ ಸಂಸ್ಥೆ. ಬೆಳಗಾವಿ ಜಿಲ್ಲೆಯ ಹೆಣ್ಣುಮಕ್ಕಳ ಹೋರಾಟದ ದಾಖಲೆ ಉಳಿದದ್ದು ಜರ್ಮನಿಯಿಂದ. ಇದನ್ನು ಹೆಮ್ಮೆ ಅನ್ನಬೇಕೋ ಕೊರಗಬೇಕೋ ತಿಳಿಯುವುದಿಲ್ಲ.

ವನ್ಯಜೀವಿ ಚಿತ್ರಗಳಲ್ಲಿ ನಾವು ಮುಂದಿದ್ದೇವೆ. ಕಾಡುನಾಯಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಕೃಪಾಕರ–ಸೇನಾನಿ ‘ಗ್ರೀನ್ ಆಸ್ಕರ್’ ಪಡೆದರು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಟಾಕೀಸಿಗೇ ಬಂತು. ಪ್ರಾಣಿಗಳ ಚಿತ್ರಕ್ಕೆ ಜಗತ್ತಿನ ಎಲ್ಲ ಕಡೆ ಮಾರುಕಟ್ಟೆ ಇದೆ, ಸೆನ್ಸಾರ್ ಗೋಜೂ ಕಡಿಮೆ. ಅದೇ ಕಾಡಿನ ಅಂಚಿನಿಂದ ಎಬ್ಬಿಸಲ್ಪಟ್ಟ ಹಾಡಿಯ ಜನರ ಬಗ್ಗೆ ಚಿತ್ರ ಮಾಡುತ್ತೇನೆ ಅಂದರೆ ಅಷ್ಟು ದುಡ್ಡು ಸಿಗುವುದಿಲ್ಲ.

ಇನ್ನೊಂದು ಕಾರಣ ನಾವೇ ಮಾಡಿಕೊಂಡದ್ದು. ಕನ್ನಡದಲ್ಲಿ ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು 1960ರ ದಶಕದಿಂದ ನಡೆದು ಬಂತು. ಕಥಾಚಿತ್ರ ರಂಗದ ಕೆಲಸಗಾರರನ್ನು ಉಳಿಸಲು ಮಾಡಿದ ನಿಯಮ ಅದು. ಆಗಿನ ಸ್ಥಿತಿಯಲ್ಲಿ ಅದಕ್ಕೆ ಕಾರಣ ಇತ್ತು. ಆದರೆ ಸಾಕ್ಷ್ಯಚಿತ್ರಗಳೂ ಅದರ ಬಲೆಗೆ ಬಿದ್ದವು. ಡಿಸ್ಕವರಿಯಂಥ ವಾಹಿನಿಗಳನ್ನು ತಮಿಳು, ತೆಲುಗಿನ ಮಕ್ಕಳು ತಮ್ಮ ಭಾಷೆಯಲ್ಲಿ ನೋಡುತ್ತ ಬೆಳೆದರು, ನಮ್ಮ ಮಕ್ಕಳು ಇಂಗ್ಲಿಷ್, ಹಿಂದಿಯಲ್ಲಿ ನೋಡಿದರು. 2012ರಲ್ಲಿ ‘ಸತ್ಯಮೇವ ಜಯತೇ’ ಕಾರ್ಯಕ್ರಮ ಹಲವು ಭಾಷೆಗಳಲ್ಲಿ ಬಂದಾಗಲೂ ಕನ್ನಡದ ಟೀವಿಯಲ್ಲಿ ಬರಲಿಲ್ಲ. 2015ರಲ್ಲಿ, ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ‘ವೈಲ್ಡ್ ಕರ್ನಾಟಕ’ ಡಿಸ್ಕವರಿಯಲ್ಲಿ ಬಂದಾಗ ರಿಷಬ್ ಶೆಟ್ಟಿ ದನಿಯಲ್ಲಿ ಕನ್ನಡದಲ್ಲೂ ಬಂತು. ಆದರೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ನೋಡುವ ಅಭ್ಯಾಸವೇ ಒಂದೆರಡು ಪೀಳಿಗೆಗೆ ಬೆಳೆಯಲಿಲ್ಲ. ನೋಡುವವರಿಲ್ಲ ಎಂದು ವಾಹಿನಿಗಳು ಕೊಳ್ಳುವುದಿಲ್ಲ. ಕೊಳ್ಳುವವರಿಲ್ಲ ಎಂದು ಮಾಡುವವರು ಇಂಗ್ಲಿಷ್ ಕಡೆ ತಿರುಗುತ್ತಾರೆ.

ಮುಂದೆ ಏನಾಗಬಹುದು

ಈಗಿನ ದಿಕ್ಕಿನಲ್ಲೇ ಹೋದರೆ ಪ್ರಶಸ್ತಿಗಳು ಇನ್ನೂ ಬರುತ್ತವೆ. ಒಳ್ಳೆಯ ಚಿತ್ರಗಳು ತಯಾರಾಗುತ್ತಲೇ ಇವೆ. ಹೊರಗಿನ ನಿಧಿಗಳ ಮುಂದೆ ಹೇಗೆ ಮಾತಾಡಬೇಕು ಅಂತ ಹೊಸಬರು ಕಲಿತಿದ್ದಾರೆ. ಓಟಿಟಿಯಲ್ಲಿ ಅಪರಾಧ, ತಾರೆಯರ ಸರಣಿ ಹೆಚ್ಚುತ್ತವೆ. ರಾಜಕೀಯ ಚಿತ್ರಗಳು ಯೂಟ್ಯೂಬ್ ಕಡೆ, ಸಣ್ಣ ಸಭೆಗಳ ಕಡೆ ಸರಿಯುತ್ತವೆ. ಇದಕ್ಕೆ ಹಿಂದಿನ ಉದಾಹರಣೆಯೂ ಇದೆ. 2004ರಲ್ಲಿ ಗುಜರಾತ್ ಹಿಂಸೆಯ ಕುರಿತ ರಾಕೇಶ್ ಶರ್ಮಾ ಅವರ ‘ಫೈನಲ್ ಸೊಲ್ಯೂಷನ್’ಗೆ ಸೆನ್ಸಾರ್ ತಡೆ ಬಿದ್ದಾಗ, ಅವರು ಉಚಿತ ಸಿ.ಡಿ. ಕೊಟ್ಟು, ಪಡೆದವರು ಐದು ಪ್ರತಿ ಮಾಡಿ ಹಂಚಬೇಕು ಎಂದು ಕೇಳಿಕೊಂಡರು. ಅದೇ ವರ್ಷ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವದ ವಿರುದ್ಧ ಸೇರಿದ ಚಿತ್ರಕಾರರು ‘ವಿಕಲ್ಪ್’ ಹೆಸರಿನಲ್ಲಿ ಪರ್ಯಾಯ ಉತ್ಸವ ಮಾಡಿದರು. ಚಿತ್ರ ಜನರನ್ನು ಮುಟ್ಟಿತು. ಆದರೆ ಇಂಥ ದಾರಿಯಲ್ಲಿ ಚಿತ್ರಕಾರರಿಗೆ ದುಡ್ಡು ಹುಟ್ಟುವುದಿಲ್ಲ, ಮುಂದಿನ ಚಿತ್ರಕ್ಕೆ ಏನೂ ಉಳಿಯುವುದಿಲ್ಲ.

ಬದಲಾಗಬಹುದಾದ ಕೆಲವು ವಿಷಯಗಳು ದುಬಾರಿಯೇನಲ್ಲ. ರಾಷ್ಟ್ರ ಪ್ರಶಸ್ತಿ ಪಡೆದ ಸಾಕ್ಷ್ಯಚಿತ್ರಗಳಿಗೆ ದೂರದರ್ಶನದಲ್ಲಿ, ಚಂದನದಲ್ಲಿ ವಾರಕ್ಕೊಂದು ನಿಗದಿತ ಹೊತ್ತು ಕೊಡಬಹುದು. ಹೈಕೋರ್ಟಿಗೆ ಹೋಗುವ ಮುಂಚೆ ಅಗ್ಗದ, ಬೇಗನೆ ಮುಗಿಯುವ ಮೇಲ್ಮನವಿಯ ವ್ಯವಸ್ಥೆಯನ್ನು ಮತ್ತೆ ತರಬಹುದು. ನೂರು ಜನರೊಳಗಿನ, ಟಿಕೆಟ್ ಇಲ್ಲದ ಪ್ರದರ್ಶನಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಬರೆಯಬಹುದು. ನಮ್ಮ ರಾಜ್ಯದ ಮಟ್ಟಿಗೆ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1990ರ ದಶಕದಿಂದ ಕಲೆಗೆ ಕೊಡುತ್ತಿರುವ ಅನುದಾನದ ಮಾದರಿ ಕಣ್ಣ ಮುಂದೆಯೇ ಇದೆ. ಅದೇ ಬಗೆಯಲ್ಲಿ ಕನ್ನಡದಲ್ಲೇ ತಯಾರಾಗುವ ಸಾಕ್ಷ್ಯಚಿತ್ರಕ್ಕೆಂದು ಒಂದು ಸಣ್ಣ ನಿಧಿಯನ್ನು ಸರ್ಕಾರ ಇಡಬಹುದು.

ಇದಾವುದೂ ಆಗದಿದ್ದರೆ ಆಗುವ ನಷ್ಟ ಪ್ರಶಸ್ತಿಪಟ್ಟಿಯಲ್ಲಿ ಕಾಣುವುದಿಲ್ಲ. ಐದು ವರ್ಷ ಸಂಬಳವಿಲ್ಲದೆ ಇರಬಲ್ಲವರು, ಇಂಗ್ಲಿಷಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರನ್ನು ಒಪ್ಪಿಸಬಲ್ಲವರು ಮಾತ್ರ ಈ ವೃತ್ತಿಯಲ್ಲಿ ಉಳಿಯುತ್ತಾರೆ. ಸಿಂಧನೂರಿನ ಭತ್ತದ ಗದ್ದೆಯ ಕೂಲಿ, ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರ್ತಿ, ಕಾಳಿ ನದಿಯ ದಂಡೆಯಿಂದ ಒಕ್ಕಲೆದ್ದವರು, ಇವರ ಕಥೆಗಳನ್ನು ಒಳಗಿನಿಂದ ಬಲ್ಲ ಹುಡುಗ ಹುಡುಗಿಯರ ಕೈಯಲ್ಲಿ ಇವತ್ತು ಒಳ್ಳೆಯ ಕ್ಯಾಮೆರಾ ಇರುವ ಫೋನ್ ಇದೆ. ಚಿತ್ರ ತೆಗೆಯುವ ಖರ್ಚು ಇಷ್ಟು ಕಡಿಮೆ ಹಿಂದೆಂದೂ ಆಗಿರಲಿಲ್ಲ. ಅವರು ಮದುವೆ ವಿಡಿಯೊ, ರೀಲ್ಸ್ ಕೆಲಸಕ್ಕೆ ಹೋಗುತ್ತಿದ್ದಾರೆ, ಯಾಕೆಂದರೆ ಅಲ್ಲಿ ತಿಂಗಳಿಗೆ ದುಡ್ಡು ಕೈಗೆ ಬರುತ್ತದೆ.